ದೊಡ್ಡ ಮಷಿನ್ ಆಮೇಲೆ, ಮೊದಲು ಸರದಿ ಪಟ್ಟಿ ಹಾಕಿ

‘ಲೋಡ್ ಜಾಸ್ತಿ ಆಗಿದೆ. ದೊಡ್ಡ ಮಷಿನ್ ಬರಬೇಕು. ಅಲ್ಲಿವರೆಗೆ ಹೀಗೇ.’

ಸರ್ಕಾರಿ ದುಡ್ಡಿನ ಕಂಪ್ಯೂಟರ್ ಎಲ್ಲೇ ನಿಧಾನವಾಗಲಿ, ಈ ಉತ್ತರ ಸಿದ್ಧವಾಗಿರುತ್ತದೆ. ನ್ಯಾಯಬೆಲೆ ಅಂಗಡಿ ಮುಂದೆ ಚೀಲ ಹಿಡಿದು ನಿಂತವರಿಗೂ ಇದೇ ಮಾತು. ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಎರಡು ದಿನದಿಂದ ತನ್ನ ಲೆಕ್ಕದ ಸರದಿಗೆ ಕಾಯುತ್ತಿರುವ ವಿದ್ಯಾರ್ಥಿಗೂ ಇದೇ ಮಾತು.

ನಾವು ಈ ಉತ್ತರವನ್ನು ಒಪ್ಪುವುದಿಲ್ಲ.

ಎಲ್ಲ ತೊಂದರೆಗೂ ಒಂದೇ ಕಾರಣ ಅಂತ ನಾವು ಹೇಳುತ್ತಿಲ್ಲ. ಕೇಬಲ್ ಕಟ್ ಆಗುತ್ತದೆ, ಕರೆಂಟ್ ಹೋಗುತ್ತದೆ, ಪ್ರೋಗ್ರಾಮಿನಲ್ಲೇ ತಪ್ಪಿರುತ್ತದೆ. ಆದರೆ ಹತ್ತಾರು ಜನ ಹಂಚಿಕೊಂಡು ಬಳಸುವ ಕಂಪ್ಯೂಟರಿನಲ್ಲಿ ದಿನವೂ, ವಾರವೂ ತಾನಾಗಿ ಓಡುವ ಕೆಲಸಗಳಿಗೆ ಸರಿಯಾದ ಸರದಿ ಇಲ್ಲದಿರುವುದು ಒಂದು ದೊಡ್ಡ ಕಾರಣ. ಇದನ್ನು ಸರಿಪಡಿಸಲು ಕೋಟಿ ರೂಪಾಯಿ ಬೇಡ. ಬಹುಶಃ ಅದಕ್ಕೇ ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಟೆಂಡರ್ ಇಲ್ಲದ ಕೆಲಸಕ್ಕೆ ಉದ್ಘಾಟನೆಯೂ ಇರುವುದಿಲ್ಲ.

‘ಇದು ಎಂಜಿನಿಯರ್‌ಗಳ ವಿಷಯ, ಹಳ್ಳಿಯವರಿಗ್ಯಾಕೆ’ ಅಂತ ಪುಟ ಮುಚ್ಚಬೇಡಿ. ಸರದಿ ಎಂದರೇನು ಅಂತ ನಮಗಿಂತ ಚೆನ್ನಾಗಿ ತಿಳಿದವರು ಯಾರಿದ್ದಾರೆ?

ಕೆರೆ ಎಲ್ಲರದು, ತೂಬು ಯಾರ ಕೈಲಿ?

ಮೊದಲು ಯಂತ್ರ ಏನೆಂದು ನೋಡೋಣ. ನೂರಾರು ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸಿ, ಎಲ್ಲವೂ ಸೇರಿ ಒಂದೇ ಯಂತ್ರದಂತೆ ದುಡಿಯುವ ಹಾಗೆ ಮಾಡಿದರೆ ಅದು ಕ್ಲಸ್ಟರ್. ದೇಶದಲ್ಲಿ ಇಂಥವನ್ನು ಕಟ್ಟಲು 2015ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದರ ಗಾತ್ರ 4,500 ಕೋಟಿ ರೂಪಾಯಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ‘ಪರಮ್ ಪ್ರವೇಗ’ ಆ ಯೋಜನೆಯದೇ. ಅದರ ಶಕ್ತಿ 3.3 ಪೆಟಾಫ್ಲಾಪ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ.

ಅಷ್ಟು ಶಕ್ತಿ ಇದ್ದರೂ ಅದು ಒಬ್ಬರದಲ್ಲ. ಔಷಧಿ ಸಂಶೋಧನೆ ಮಾಡುವವರು, ವಿಮಾನದ ರೆಕ್ಕೆ ಮೇಲೆ ಗಾಳಿ ಹೇಗೆ ಹರಿಯುತ್ತದೆ ಅಂತ ನೋಡುವವರು, ಹವಾಮಾನ ಓದುವವರು, ಎಲ್ಲರೂ ಇಂಥ ಯಂತ್ರಗಳ ಮುಂದೆ ಸಾಲಿನಲ್ಲಿ ನಿಲ್ಲುತ್ತಾರೆ. ಗಿರಣಿಯಲ್ಲಿ ಡಬ್ಬಿ ಇಟ್ಟು ಮನೆಗೆ ಬರುತ್ತೇವಲ್ಲ, ಹಾಗೆ ಕೆಲಸ ಒಪ್ಪಿಸಿ ಹೋಗುತ್ತಾರೆ. ಎದುರಿಗೆ ಯಾರೂ ಕೂರಬೇಕಿಲ್ಲ. ಸರದಿ ಬಂದಾಗ ಓಡುತ್ತದೆ, ಮುಗಿದ ಮೇಲೆ ಫಲಿತಾಂಶ ಇಟ್ಟಿರುತ್ತದೆ. ಇದಕ್ಕೆ ಬ್ಯಾಚ್ ಜಾಬ್ ಅನ್ನುತ್ತಾರೆ.

ಯಾರ ಕೆಲಸ ಯಾವಾಗ, ಎಷ್ಟು ಕಂಪ್ಯೂಟರ್ ಮೇಲೆ, ಎಷ್ಟು ಹೊತ್ತು ಅಂತ ತೀರ್ಮಾನಿಸುವ ಪ್ರೋಗ್ರಾಂ ಒಂದಿರುತ್ತದೆ. ಅದು ಶೆಡ್ಯೂಲರ್. ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದ ‘ಸ್ಲರ್ಮ್’ ಇಂದು ಜಗತ್ತಿನ ಬಹಳಷ್ಟು ಕ್ಲಸ್ಟರ್‌ಗಳಲ್ಲಿ ಈ ಕೆಲಸ ಮಾಡುತ್ತದೆ. ಕೆರೆಗೆ ನೀರುಗಂಟಿ ಇದ್ದ ಹಾಗೆ ಕ್ಲಸ್ಟರ್‌ಗೆ ಇದು. ತೂಬು ತೆಗೆಯುವವನೂ ಅವನೇ, ಮುಚ್ಚುವವನೂ ಅವನೇ.

ಆದರೆ ನೀರುಗಂಟಿ ತಾನಾಗಿ ನಿಯಮ ಮಾಡುವುದಿಲ್ಲ. ಊರು ಮಾಡಿದ ನಿಯಮವನ್ನು ನಡೆಸುತ್ತಾನೆ. ಇಲ್ಲಿಯೂ ಅಷ್ಟೇ. ನಿಯಮ ಯಾರು ಮಾಡಿದರು, ಅದರಲ್ಲಿ ಕೊನೆ ಭಾಗದವರಿಗೆ ಎಷ್ಟು ಪಾಲು ಎನ್ನುವುದೇ ಅಸಲಿ ಪ್ರಶ್ನೆ.

ಬೆಳಗಿನ 5.30ರ ಲೆಕ್ಕ

ಕೆಲವು ಕೆಲಸ ಒಮ್ಮೆ ಮಾಡಿ ಮುಗಿಸುವಂಥದ್ದು. ಕೆಲವು ದಿನವೂ ಬರುವಂಥದ್ದು. ದಿನವೂ ಬರುವ ಕೆಲಸಗಳಲ್ಲಿ ನಮ್ಮ ಹೊಲಕ್ಕೆ ನೇರ ಸಂಬಂಧ ಇರುವುದು ಮಳೆಯ ಮುನ್ಸೂಚನೆ.

ಜಗತ್ತಿನ ಹವಾಮಾನ ಕೇಂದ್ರಗಳು ಒಂದೇ ಗಡಿಯಾರ ನೋಡುತ್ತವೆ. ಅದರ ಸೊನ್ನೆ ಗಂಟೆ ಎಂದರೆ ನಮಗೆ ಬೆಳಗಿನ 5.30, ಅದರ 12 ಗಂಟೆ ಎಂದರೆ ನಮಗೆ ಸಂಜೆ 5.30. ಈ ಎರಡು ಹೊತ್ತಿನ ಅಳತೆಗಾಗಿ ಬಲೂನ್ ಹಾರಿಸುತ್ತಾರೆ. ಹಡಗು, ವಿಮಾನ, ಉಪಗ್ರಹಗಳಿಂದ ಮಾಹಿತಿ ಬರುತ್ತದೆ. ಅದೆಲ್ಲ ಸೇರುವವರೆಗೆ ಕೆಲವು ಗಂಟೆ ಕಾದು, ಜರಡಿ ಹಿಡಿದು, ಆಮೇಲೆ ದೊಡ್ಡ ಯಂತ್ರದ ಮೇಲೆ ಲೆಕ್ಕ ಓಡಿಸುತ್ತಾರೆ. ಅದು ಮುಗಿದ ಮೇಲೆ ನಕ್ಷೆ, ಜಿಲ್ಲಾವಾರು ಅಂಕಿ. ಅದರ ಮೇಲೆ ಕೂತು ಅಧಿಕಾರಿಗಳ ಓದು.

ಈ ಲೆಕ್ಕಕ್ಕಾಗಿಯೇ 2024ರ ಸೆಪ್ಟೆಂಬರ್‌ನಲ್ಲಿ ಪುಣೆಯಲ್ಲಿ ‘ಅರ್ಕ’, ನೋಯ್ಡಾದಲ್ಲಿ ‘ಅರುಣಿಕಾ’ ಎಂಬ ಎರಡು ಯಂತ್ರಗಳು ಬಂದವು. ಎರಡಕ್ಕೂ ಸೇರಿ 850 ಕೋಟಿ ರೂಪಾಯಿ. 2025ರ ಮೇ ತಿಂಗಳಲ್ಲಿ ‘ಭಾರತ್ ಫೋರ್‌ಕಾಸ್ಟ್ ಸಿಸ್ಟಂ’ ಶುರುವಾಯಿತು. ಮೊದಲು ದೇಶವನ್ನು 12 ಕಿಲೋಮೀಟರ್ ಚೌಕಗಳಾಗಿ ಹೆಚ್ಚಿ ಲೆಕ್ಕ ಮಾಡುತ್ತಿದ್ದರು. ಈಗ 6 ಕಿಲೋಮೀಟರ್. ಚೌಕದ ಬದಿ ಅರ್ಧವಾದರೆ ಚೌಕಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಸಣ್ಣ ಚೌಕಕ್ಕೆ ಸಣ್ಣ ಹೆಜ್ಜೆ ಇಡಬೇಕು, ಹಾಗಾಗಿ ಒಟ್ಟು ಲೆಕ್ಕ ಸುಮಾರು ಎಂಟು ಪಟ್ಟು. ಇಂಥ ಕೆಲಸಕ್ಕೆ ದೊಡ್ಡ ಯಂತ್ರ ಬೇಕೇ ಬೇಕು. ಅದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಗಮನಿಸಿ. ಅದೇ ಯಂತ್ರಗಳ ಮೇಲೆ ಸಂಶೋಧನೆಯ ಲೆಕ್ಕಗಳೂ ಓಡುತ್ತವೆ. ಮುನ್ಸೂಚನೆಯ ಹೊತ್ತಿಗೆ ಜಾಗ ಮೊದಲೇ ಕಾಯ್ದಿಟ್ಟಿರಬೇಕು. ಇಲ್ಲದಿದ್ದರೆ 850 ಕೋಟಿಯ ಯಂತ್ರವೂ ನಾಳೆಯ ಮಳೆಯನ್ನು ನಾಡಿದ್ದು ಹೇಳುತ್ತದೆ. ಔಷಧಿ ಹೊಡೆಯಬೇಕೋ ಬೇಡವೋ, ಕೊಯ್ದ ಭತ್ತ ಕಣದಲ್ಲಿ ಬಿಡಬೇಕೋ ಒಳಗೆ ಹಾಕಬೇಕೋ ಅಂತ ಕಾಯುತ್ತಿರುವವರಿಗೆ ತಡವಾದ ಮುನ್ಸೂಚನೆ ಹಳೆಯ ಪೇಪರ್ ಇದ್ದಂತೆ. ಮಂಗಳವಾರ, ಶುಕ್ರವಾರ ಬರುವ ಕೃಷಿ ಹವಾಮಾನ ಸಲಹೆಯ ಬೆನ್ನಿಗಿರುವುದೂ ಈ ದಿನದ ಲೆಕ್ಕವೇ.

ಇಲ್ಲಿ ನಿರ್ಣಾಯಕವಾದದ್ದು ಯಂತ್ರದ ಗಾತ್ರವಲ್ಲ, ಸರದಿ. ಯಾವ ಕೆಲಸ ಮುಂದೆ, ಯಾವುದು ಹಿಂದೆ ಅಂತ ಯಾರೋ ಕೂತು ಬರೆದಿದ್ದರೆ ಮಾತ್ರ ಮುನ್ಸೂಚನೆ ಹೊತ್ತಿಗೆ ಬರುತ್ತದೆ. ಮಿಕ್ಕ ಕಡೆಯೂ ಹಾಗೇ ಬರೆಯಿರಿ ಅನ್ನುವುದೇ ನಮ್ಮ ಜಗಳ.

ಆಟೋ ಸ್ಟಾರ್ಟರ್ ರೋಗ

ತ್ರೀಫೇಸ್ ಕರೆಂಟ್ ಬಂದ ಗಳಿಗೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಎಲ್ಲರ ಪಂಪ್‌ಸೆಟ್‌ಗೂ ಆಟೋ ಸ್ಟಾರ್ಟರ್. ಎಲ್ಲ ಮೋಟರ್ ಒಂದೇ ಸೆಕೆಂಡಿನಲ್ಲಿ ಎದ್ದು ನಿಲ್ಲುತ್ತವೆ. ಮೋಟರ್ ಓಡುವಾಗ ಎಳೆಯುವುದಕ್ಕಿಂತ ಏಳುವಾಗ ಎಳೆಯುವ ಕರೆಂಟ್ ಹಲವು ಪಟ್ಟು. ಟಿಸಿ ಸುಟ್ಟು ಕೂರುತ್ತದೆ. ಆಮೇಲೆ ವಾರಗಟ್ಟಲೆ ಯಾರಿಗೂ ನೀರಿಲ್ಲ.

ಅಲ್ಲಿ ಒಟ್ಟು ಕರೆಂಟ್ ಸಾಲದೆ ಟಿಸಿ ಸುಟ್ಟಿದ್ದಲ್ಲ. ಐದೈದು ನಿಮಿಷ ಬಿಟ್ಟು ಒಂದೊಂದೇ ಮೋಟರ್ ಶುರುವಾಗಿದ್ದರೆ ಅದೇ ಟಿಸಿ ತಡೆದುಕೊಳ್ಳುತ್ತಿತ್ತು. ಲೈನ್‌ಮ್ಯಾನ್ ಇದನ್ನು ಹೇಳಿ ಹೇಳಿ ಸೋತಿರುತ್ತಾನೆ.

ಕಂಪ್ಯೂಟರಿನಲ್ಲೂ ಇದೇ ರೋಗ. 1970ರ ದಶಕದಿಂದ ಯುನಿಕ್ಸ್ ಯಂತ್ರಗಳಲ್ಲಿ ‘ಕ್ರಾನ್’ ಅನ್ನುವ ಪ್ರೋಗ್ರಾಂ ಇದೆ. ಯಾವ ನಿಮಿಷ, ಯಾವ ಗಂಟೆ, ಯಾವ ತಾರೀಕು, ಯಾವ ತಿಂಗಳು, ಯಾವ ವಾರ ಅಂತ ಐದು ಅಂಕಣ ತುಂಬಿದರೆ ಸಾಕು, ಆ ಹೊತ್ತಿಗೆ ಕೆಲಸ ತಾನಾಗಿ ಎದ್ದೇಳುತ್ತದೆ. ದಿನಕ್ಕೊಮ್ಮೆ ಓಡಬೇಕು ಅಂದರೆ ಹೆಚ್ಚಿನವರು ಏನು ಬರೆಯುತ್ತಾರೆ? ಗಂಟೆ ಸೊನ್ನೆ, ನಿಮಿಷ ಸೊನ್ನೆ. ನಡುರಾತ್ರಿ 12. ‘ರಾತ್ರಿಗೆ ಹಾಕಿಬಿಡಪ್ಪ, ಯಾರೂ ಇರಲ್ಲ.’

ಯಾರೂ ಇರಲ್ಲ ಅಂತ ಎಲ್ಲರೂ ಅಂದುಕೊಂಡ ಹೊತ್ತಿನಲ್ಲಿ ಎಲ್ಲರೂ ಇರುತ್ತಾರೆ. ಬ್ಯಾಕಪ್ ಆಗಲೇ, ದಿನದ ವರದಿ ಆಗಲೇ, ಹಳೆ ಕಡತ ಗುಡಿಸುವುದೂ ಆಗಲೇ. 11.50ಕ್ಕೆ ಖಾಲಿ ಇದ್ದ ಯಂತ್ರ 12ಕ್ಕೆ ಉಸಿರು ಕಟ್ಟಿಕೊಳ್ಳುತ್ತದೆ. 2ಕ್ಕೆ ಮತ್ತೆ ಖಾಲಿ. ಗಡಿಯಾರ ಅಂತರರಾಷ್ಟ್ರೀಯ ಸಮಯದಲ್ಲಿದ್ದರೆ ಆ ನಡುರಾತ್ರಿ ನಮಗೆ ಬೆಳಗಿನ 5.30ಕ್ಕೆ ಬಂದು ಕೂರುತ್ತದೆ. ಮರುದಿನ ಮೀಟಿಂಗಿನಲ್ಲಿ ತೋರಿಸುವುದು ಆ 12 ಗಂಟೆಯ ನಕ್ಷೆಯನ್ನು ಮಾತ್ರ: ‘ನೋಡಿ ಸಾರ್, ಕೆಪಾಸಿಟಿ ಸಾಲುತ್ತಿಲ್ಲ.’ ಉಳಿದ 22 ಗಂಟೆಯ ನಕ್ಷೆ ಎಲ್ಲಿ ಸ್ವಾಮಿ?

ಇದು ನಮ್ಮ ಹಳ್ಳಿ ಬುದ್ಧಿಯ ಕಲ್ಪನೆ ಅಲ್ಲ. ಗೂಗಲ್‌ನ ಎಂಜಿನಿಯರ್‌ಗಳು 2016ರಲ್ಲಿ ತಮ್ಮ ಕೆಲಸದ ರೀತಿಯ ಬಗ್ಗೆ ತಂದ ಪುಸ್ತಕದಲ್ಲಿ ಇದನ್ನೇ ಬರೆದಿದ್ದಾರೆ. ದಿನದ ಕೆಲಸ ಅಂದರೆ ಜನ ನಡುರಾತ್ರಿಗೇ ಇಡುತ್ತಾರೆ, ದೊಡ್ಡ ಕ್ಲಸ್ಟರಿನಲ್ಲಿ ಅದು ಒಮ್ಮೆಲೇ ನೂಕುನುಗ್ಗಲಾಗುತ್ತದೆ ಎಂದು ಕಂಡು, ಅವರು ಒಂದು ಪ್ರಶ್ನಾರ್ಥಕ ಚಿಹ್ನೆ ಸೇರಿಸಿದರು. ಗಂಟೆಯ ಜಾಗದಲ್ಲಿ ಆ ಚಿಹ್ನೆ ಹಾಕಿದರೆ ‘ಯಾವ ಗಂಟೆಯಾದರೂ ಸರಿ, ನೀನೇ ಹಂಚು’ ಎಂದರ್ಥ. ಜೆಂಕಿನ್ಸ್ ಎಂಬ ಉಚಿತ ತಂತ್ರಾಂಶದಲ್ಲೂ ಹೀಗೆ ಹಂಚುವ ಒಂದಕ್ಷರ ಇದೆ. ಗಿಟ್‌ಹಬ್ ತನ್ನ ಬಳಕೆದಾರರಿಗೆ, ಪ್ರತಿ ಗಂಟೆಯ ಆರಂಭದಲ್ಲಿ ದಟ್ಟಣೆ ಇರುತ್ತದೆ, ಬೇರೆ ನಿಮಿಷ ಆರಿಸಿಕೊಳ್ಳಿ ಎಂದು ಬರೆದೇ ಇಟ್ಟಿದೆ.

ಲೋಕದಲ್ಲೇ ದೊಡ್ಡ ಯಂತ್ರ ಇಟ್ಟುಕೊಂಡವರು ಮೊದಲು ಸರದಿ ಹಂಚಿದರು. ನಾವು ಮಾತ್ರ ಮೊದಲು ಮಷಿನ್ ಕೇಳುತ್ತೇವೆ.

ಇನ್ನೂ ಮೂರು ಕೆಟ್ಟ ಚಾಳಿ

ಮೊದಲನೆಯದು, ಹಿಂದಿನದು ಮುಗಿಯಿತೋ ಇಲ್ಲವೋ ನೋಡದೆ ಮುಂದಿನದನ್ನು ಶುರು ಮಾಡುವುದು. ಗಂಟೆಗೊಮ್ಮೆ ಓಡುವ ಕೆಲಸ ಒಂದಿದೆ ಅನ್ನಿ. ಮಾಮೂಲಿ ದಿನ 20 ನಿಮಿಷ. ಒಂದು ದಿನ ಮಾಹಿತಿ ಜಾಸ್ತಿ ಬಂದು 80 ನಿಮಿಷ ಹಿಡಿಯಿತು. ಅದು ಮುಗಿಯುವ ಮೊದಲೇ ಎರಡನೆಯದು ಎದ್ದಿತು. ಇಬ್ಬರೂ ಅದೇ ಕಡತಕ್ಕೆ ಕೈ ಹಾಕಿ ಇನ್ನೂ ನಿಧಾನವಾದರು. ಅಷ್ಟರಲ್ಲಿ ಮೂರನೆಯದು. ಒಂದೇ ಕಣಕ್ಕೆ ಮೂರು ಗಾಡಿ ಹೊಲ್ಲು ಒಟ್ಟಿಗೆ ನುಗ್ಗಿಸಿದರೆ ಏನಾಗುತ್ತದೋ ಅದೇ ಆಗುತ್ತದೆ. ‘ಒಳಗೆ ಒಬ್ಬನಿದ್ದರೆ ಹೊರಗೇ ನಿಲ್ಲು’ ಅನ್ನುವ ಬೀಗ ಹಾಕಲು ಒಂದೇ ಸಾಲು ಸಾಕು. ಆ ಒಂದು ಸಾಲು ಬರೆಯುವುದಿಲ್ಲ.

ಎರಡನೆಯದು, ಸಮಯದ ಸುಳ್ಳು. ಕೆಲಸ ಒಪ್ಪಿಸುವಾಗ ಎಷ್ಟು ಹೊತ್ತು ಬೇಕು ಅಂತ ಬರೆಯಬೇಕು. 20 ನಿಮಿಷದ ಕೆಲಸಕ್ಕೆ ‘ಇರಲಿ ಬಿಡು’ ಅಂತ 24 ಗಂಟೆ ಬರೆಯುತ್ತಾರೆ. ಇದರಿಂದ ಯಾರಿಗೆ ನಷ್ಟ? ಕಟಾವು ಯಂತ್ರದ ಉದಾಹರಣೆ ನೋಡಿ. ಮಧ್ಯಾಹ್ನ 2ಕ್ಕೆ ದೊಡ್ಡ ಗದ್ದೆಗೆ ಬುಕ್ ಆಗಿದೆ. ಈಗ 12 ಗಂಟೆ. ನಡುವೆ ಅರ್ಧ ಎಕರೆಯ ಗದ್ದೆಯೊಂದನ್ನು ಮುಗಿಸಬಹುದು. ಮಾಲೀಕ ‘ಒಂದು ಗಂಟೆ ಸಾಕು’ ಅಂದರೆ ಯಂತ್ರ ಬರುತ್ತದೆ. ‘ಇಡೀ ದಿನ ಬೇಕಾಗಬಹುದು’ ಅಂದರೆ ಡ್ರೈವರ್ ಕಾಲು ಚಾಚಿ ಕೂರುತ್ತಾನೆ. ಯಂತ್ರವೂ ಖಾಲಿ, ಗದ್ದೆಯೂ ಹಾಗೇ. ಶೆಡ್ಯೂಲರ್ ಕೂಡ ಇಂಥ ಸಂದಿನಲ್ಲಿ ಸಣ್ಣ ಕೆಲಸ ತೂರಿಸುತ್ತದೆ. ಅದಕ್ಕೆ ಬ್ಯಾಕ್‌ಫಿಲ್ ಅನ್ನುತ್ತಾರೆ. ಎಲ್ಲರೂ ಸುಳ್ಳು ಸಮಯ ಬರೆದರೆ ತೂರಿಸಲು ಸಂದೇ ಕಾಣುವುದಿಲ್ಲ. ಕೋಟಿಗಟ್ಟಲೆ ರೂಪಾಯಿಯ ಯಂತ್ರ ಸುಮ್ಮನೆ ಕರೆಂಟ್ ತಿನ್ನುತ್ತಾ ಕೂತಿರುತ್ತದೆ, ಸಾಲು ಮಾತ್ರ ಬಾಗಿಲಾಚೆಗೆ ಬೆಳೆದಿರುತ್ತದೆ.

ಮೂರನೆಯದು, ವಾರಸುದಾರ ಇಲ್ಲದ ಕೆಲಸ. ಪ್ರಾಜೆಕ್ಟ್ ಮುಗಿಯುತ್ತದೆ, ವಿದ್ಯಾರ್ಥಿ ಕೆಲಸ ಸಿಕ್ಕಿ ಹೋಗುತ್ತಾನೆ, ಗುತ್ತಿಗೆ ನೌಕರ ಬದಲಾಗುತ್ತಾನೆ. ಅವರು ಬರೆದಿಟ್ಟ ಸಾಲು ಮಾತ್ರ ಪ್ರತಿ ರಾತ್ರಿ ಏಳುತ್ತಲೇ ಇರುತ್ತದೆ. ಯಾರೂ ಓದದ ವರದಿ, ಯಾರೂ ತೆರೆಯದ ಕಡತ. ನಿಲ್ಲಿಸಲು ಹೆದರಿಕೆ, ಯಾಕೆಂದರೆ ಅದು ಏನಕ್ಕೆ ಅಂತಲೇ ಗೊತ್ತಿಲ್ಲ. ಪಾಳು ಬಿದ್ದ ಹೊಲಕ್ಕೆ ವರ್ಷಾನುಗಟ್ಟಲೆ ನೀರು ಹಾಯಿಸುವ ಊರನ್ನು ನೀವು ಕಂಡಿದ್ದೀರಾ? ಕಂಪ್ಯೂಟರ್ ಲೋಕದಲ್ಲಿ ಅಂಥ ಊರುಗಳಿವೆ.

ಇದರ ತಮ್ಮನೂ ಒಬ್ಬನಿದ್ದಾನೆ. ಕೆಲಸ ಕೆಟ್ಟು ನಿಂತಿರುತ್ತದೆ, ಯಾರಿಗೂ ಸುದ್ದಿ ಹೋಗಿರುವುದಿಲ್ಲ. ತಾನಾಗಿ ಓಡುವ ಕೆಲಸದ ಅಪಾಯವೇ ಅದು. ನಿಂತರೂ ತಾನಾಗಿಯೇ ನಿಲ್ಲುತ್ತದೆ. ಗೊತ್ತಾದಾಗ ಗಾಬರಿಯಲ್ಲಿ ಎರಡು ಸಲ ಓಡಿಸುತ್ತಾರೆ. ಒಂದೇ ಹಣ ಎರಡು ಬಾರಿ ಲೆಕ್ಕಕ್ಕೆ ಬರುವುದು, ಒಂದೇ ಹೆಸರು ಎರಡು ಬಾರಿ ಸೇರುವುದು ಇಂಥ ಕಡೆಯೇ. ಮತ್ತೆ ಓಡಿಸಿದರೂ ಫಲ ಒಂದೇ ಇರಬೇಕು ಅನ್ನುವುದು ಈ ಕಸುಬಿನ ಮೊದಲ ಪಾಠ.

ಅವರು ಹೇಳುವುದು, ನಾವು ಹೇಳುವುದು

‘ಎಲ್ಲರಿಗೂ ಸಮಾನ ಸಮಯ ಕೊಡಿ ಅಂತ ಹೇಳುತ್ತೀರಾ?’ ಇಲ್ಲ. ಬಾಣಂತಿಗೂ ಗಟ್ಟಿಮುಟ್ಟಾದ ಆಳಿಗೂ ಒಂದೇ ಸಾಲು ಅನ್ನುವುದು ನ್ಯಾಯವಲ್ಲ. ಮಳೆ, ಪ್ರವಾಹದ ಲೆಕ್ಕ ಮುಂದೆ ಹೋಗಲಿ. ಮಿಕ್ಕವರಲ್ಲಿ ಕಳೆದ ವಾರ ಹೆಚ್ಚು ಬಳಸಿದವರು ಈ ವಾರ ಸ್ವಲ್ಪ ಹಿಂದೆ ನಿಲ್ಲಲಿ. ಶೆಡ್ಯೂಲರ್‌ಗಳಲ್ಲಿ ಈ ‘ಫೇರ್‌ಶೇರ್’ ಲೆಕ್ಕ ಆಗಲೇ ಇದೆ. ಗುಂಡಿ ಒತ್ತುವವರು ಬೇಕು, ಅಷ್ಟೇ.

‘ಕೆಲಸದ ಸಮಯ ನಮ್ಮ ಸ್ವಾತಂತ್ರ್ಯ, 12ಕ್ಕೇ ಬೇಕು.’ ಯಾಕೆ ಬೇಕು? ಬಹುತೇಕ ಕೆಲಸಕ್ಕೆ ಗಡಿಯಾರವೇ ಬೇಡ, ಮಾಹಿತಿ ಬಂದರೆ ಸಾಕು. ‘6ಕ್ಕೆ ಶುರು ಮಾಡು’ ಅನ್ನುವ ಬದಲು ‘ಹಿಂದಿನ ಹಂತ ಸರಿಯಾಗಿ ಮುಗಿದ ಮೇಲೆ ಶುರು ಮಾಡು’ ಅಂತ ಬರೆಯಬಹುದು. ಹಾಲಿನ ಗಾಡಿ 6ಕ್ಕೆ ಹೊರಟರೆ ಏನು ಬಂತು, ಡೇರಿಗೆ ಹಾಲೇ ಬಂದಿಲ್ಲದಿದ್ದರೆ? ಸ್ಲರ್ಮ್‌ನಲ್ಲಿ ಒಂದರ ಹಿಂದೆ ಒಂದು ಕಟ್ಟುವ ಸೌಲಭ್ಯ ಇದೆ. ಕ್ರಾನ್‌ನಂತೆ ಕಾಲಕ್ಕೆ ಕಟ್ಟಿ, ಆದರೆ ಸಾಲು ತಪ್ಪಿಸದೆ ಓಡಿಸುವ ಸೌಲಭ್ಯವೂ 2020ರಿಂದ ಇದೆ.

‘ಇದೆಲ್ಲ ಒಳಗಿನ ಆಡಳಿತ, ಹೊರಗಿನವರಿಗೆ ತೋರಿಸುವುದಲ್ಲ.’ ಇದನ್ನಂತೂ ನಾವು ಬಿಡುವುದಿಲ್ಲ. ದುಡ್ಡು ಹೊರಗಿನವರದು, ಸಾಲಿನಲ್ಲಿ ನಿಂತವರೂ ಹೊರಗಿನವರು. ನಾಲೆಗೆ ಯಾವ ದಿನ ಆನ್, ಯಾವ ದಿನ ಆಫ್ ಅಂತ ನೀರಾವರಿಯವರು ಪ್ರಕಟಣೆ ಹೊರಡಿಸುತ್ತಾರೆ. ಕರೆಂಟ್ ಯಾವ ಹೊತ್ತು ಅಂತ ವೇಳಾಪಟ್ಟಿ ಇದೆ. ಅವು ತಪ್ಪಿದಾಗ ನಾವು ಪಟ್ಟಿ ಹಿಡಿದು ಜಗಳ ಮಾಡುತ್ತೇವೆ. ಪಟ್ಟಿಯೇ ಇಲ್ಲದ ಕಡೆ ಜಗಳಕ್ಕೂ ಆಧಾರ ಇಲ್ಲ. ಆಗ ಉಳಿಯುವುದು ‘ಸರ್ವರ್ ಇಲ್ಲಮ್ಮ, ನಾಳೆ ಬಾ’ ಅನ್ನುವ ಮಾತೊಂದೇ.

ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ನಿಂತಿರುವ ಮಳೆಮಾಪಕ ಪೆಟ್ಟಿಗೆಗಳನ್ನೇ ನೋಡಿ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ಅವು 15 ನಿಮಿಷಕ್ಕೊಮ್ಮೆ ಅಂಕಿ ಕಳಿಸುತ್ತವೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯ ಲೆಕ್ಕಕ್ಕೆ ಇಂಥ ಅಂಕಿಯೇ ಆಧಾರ. ಅಂದರೆ ತಾನಾಗಿ ಓಡುವ ಕೆಲಸವೊಂದು ನಮ್ಮ ಊರಿನಿಂದಲೇ ಶುರುವಾಗಿ ನಮ್ಮ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮುಗಿಯುತ್ತದೆ. ನಡುವಿನ ದಾರಿ ಕೇಳಬೇಡಿ ಅಂದರೆ ಹೇಗೆ?

ನಮ್ಮ ಬೇಡಿಕೆ

ಸಾರ್ವಜನಿಕ ಹಣದಲ್ಲಿ ನಡೆಯುವ ಪ್ರತಿಯೊಂದು ಹಂಚಿಕೆಯ ಕಂಪ್ಯೂಟರಿಗೂ ಈ ಐದು ನಿಯಮ ಬರಲಿ.

1. ಸರದಿ ಪಟ್ಟಿ ಪ್ರಕಟವಾಗಲಿ. ದಿನವೂ ಓಡುವ ಕೆಲಸ ಯಾವುವು, ಯಾವ ಹೊತ್ತಿಗೆ, ಯಾರಿಗೆ ಎಷ್ಟು ಪಾಲು, ಕಳೆದ ತಿಂಗಳು ಸರಾಸರಿ ಎಷ್ಟು ಹೊತ್ತು ಕಾಯಬೇಕಾಯಿತು ಅಂತ ಒಂದು ಪುಟದಲ್ಲಿ ಇರಲಿ. ಕನ್ನಡದಲ್ಲೂ ಇರಲಿ.

2. ಕಾರಣ ಬರೆಯದೆ ಯಾರಿಗೂ ನಡುರಾತ್ರಿ 12 ಸಿಗದಿರಲಿ. ಹೊತ್ತನ್ನು ಶೆಡ್ಯೂಲರ್ ಹಂಚಲಿ.

3. ಪ್ರತಿ ಕೆಲಸಕ್ಕೂ ಒಬ್ಬ ವಾರಸುದಾರ, ಒಂದು ಮುಕ್ತಾಯದ ತಾರೀಕು ಇರಲಿ. ತಾರೀಕು ದಾಟಿದರೆ ಕೇಳಿ ನಿಲ್ಲಿಸಲಿ.

4. ಹಿಂದಿನದು ಮುಗಿಯದೆ ಮುಂದಿನದು ಏಳದಿರಲಿ. ಕೆಟ್ಟು ನಿಂತರೆ ವಾರಸುದಾರನಿಗೆ ತಕ್ಷಣ ಸುದ್ದಿ ಹೋಗಲಿ.

5. ಜನರ ಹೊಟ್ಟೆ, ಬೆಳೆ, ಜೀವಕ್ಕೆ ಸಂಬಂಧಿಸಿದ ಕೆಲಸಕ್ಕೆ ಜಾಗ ಕಾಯ್ದಿಡಲಿ. ಅದು ತಡವಾದರೆ ‘ಇಂದು ತಡ, ಕಾರಣ ಇದು’ ಅಂತ ಅದೇ ದಿನ ಹೇಳಲಿ.

ಈ ಐದೂ ಜಾರಿಯಾದ ಮೇಲೂ ಯಂತ್ರ ಸಾಲದೆ ಬಂದರೆ ಬನ್ನಿ, ದೊಡ್ಡ ಮಷಿನ್ ಕೊಡಿ ಅಂತ ನಿಮ್ಮ ಜೊತೆ ನಾವೂ ಬರೆಯುತ್ತೇವೆ. ಅದಕ್ಕೂ ಮೊದಲು ಇಲ್ಲ. ಸರದಿ ಇಲ್ಲದ ಊರಿಗೆ ಇನ್ನೊಂದು ಕೆರೆ ಕಟ್ಟಿಕೊಟ್ಟರೂ ಅದರ ನೀರೂ ತೂಬಿನ ಪಕ್ಕದ ಗದ್ದೆಯಲ್ಲೇ ನಿಲ್ಲುತ್ತದೆ.

ಕೊನೆಗೆ ಎರಡು ಮಾತು. ಒಂದು, ನಮ್ಮ ಊರುಗಳಿಂದ ಹೋಗಿ ಇಂಥ ಯಂತ್ರಗಳ ಮುಂದೆ ಕೂತಿರುವ ತಮ್ಮಂದಿರಿಗೆ, ತಂಗಿಯರಿಗೆ. ಇವತ್ತೇ ನಿಮ್ಮ ಕ್ರಾನ್ ಪಟ್ಟಿ ತೆಗೆದು ನೋಡಿ. ಎಷ್ಟು ಸೊನ್ನೆ ಸೊನ್ನೆ ಇವೆ ಎಣಿಸಿ. 12 ಅನ್ನು 2.37 ಮಾಡಿ, ಬೀಗದ ಒಂದು ಸಾಲು ಸೇರಿಸಿ, ಬೇಡದ್ದನ್ನು ಅಳಿಸಿ. ಇದಕ್ಕೆ ಯಾರ ಸಹಿಯೂ ಬೇಡ.

ಇನ್ನೊಂದು, ಫೋನಿನಲ್ಲಿ ಇದನ್ನು ಓದುತ್ತಿರುವ ನಿಮಗೆ. ಮುಂದಿನ ಸಲ ಕೌಂಟರಿನಲ್ಲಿ ‘ಲೋಡ್ ಜಾಸ್ತಿ’ ಅಂದಾಗ ಕೂತವರ ಮೇಲೆ ರೇಗಬೇಡಿ, ಅವರೂ ಕಾಯುತ್ತಿರುವವರೇ. ಇಲಾಖೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಹಾಕಿ: ಯಾವ ಹೊತ್ತಿನ ಲೋಡ್, ಯಾವ ಕೆಲಸದ ಲೋಡ್, ಸರದಿ ಪಟ್ಟಿ ಎಲ್ಲಿದೆ? ಶುಲ್ಕ 10 ರೂಪಾಯಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳಿಸಿ, ಇಲ್ಲೇ ಹಾಕುತ್ತೇವೆ.